ಬಂಡೀಪುರಕ್ಕೆ ಹೋಗ್ತಿದ್ದೀರಾ? ಹುಲಿ ಕಾಣ್ದಿದ್ರೂ ಕಾಡು ನೋಡ್ಕೊಂಡು ಬರೋದು ಹೇಗೆ ಅಂತ ಹೇಳ್ತೀನಿ

ಪ್ರತಿ ಬೇಸಿಗೆ ರಜಕ್ಕೂ ಮೈಸೂರಿನ ನಮ್ಮನೆಗೆ ಯಾರಾದ್ರೂ ನೆಂಟರು ಬಂದೇ ಬರ್ತಾರೆ, ಅರಮನೆ ಚಾಮುಂಡಿಬೆಟ್ಟ ಎಲ್ಲ ಮುಗಿಸಿ ಮೂರನೇ ದಿನ ಕೇಳೋದು ಒಂದೇ, ಹುಲಿ ತೋರಿಸ್ತೀಯಾ ಅಂತ. ನಾನೇನೋ ಹಿತ್ತಲಲ್ಲಿ ಕಟ್ಟಿ ಹಾಕಿರೋ ಥರ. ಎರಡು ವರ್ಷದ ಹಿಂದೆ ಭಾವನ್ನ ಕರ್ಕೊಂಡು ಬಂಡೀಪುರಕ್ಕೆ ಹೋಗಿದ್ದೆ, ಎರಡು ಸಫಾರಿ ಮಾಡಿದ್ವಿ, ಹುಲಿ ಸೊನ್ನೆ, ವಾಪಸ್ ಬರುವಾಗ ಗುಂಡ್ಲುಪೇಟೆ ತನಕ ಮಹಾನುಭಾವ ನನ್ನ ಜೊತೆ ಒಂದು ಮಾತಾಡ್ಲಿಲ್ಲ. ನಂಗೆ ಮಾತ್ರ ಇಷ್ಟು ವರ್ಷದಲ್ಲಿ ಅದೇ ಬೆಸ್ಟ್ ಸಫಾರಿ. ಯಾಕೆ ಅಂತ ಕೆಳಗೆ ಬರತ್ತೆ, ಮೊದಲು ಹೊರಡೋ ವಿಷ್ಯ ನೋಡೋಣ.

ಹೊರಡೋಕೆ ಮುಂಚೆ

ಮೊಟ್ಟಮೊದಲು ಸಫಾರಿ ನಡೀತಿದೆಯಾ ಅಂತ ವಿಚಾರಿಸ್ಕೊಳ್ಳಿ. ತಮಾಷೆಗೆ ಹೇಳ್ತಿಲ್ಲ. 2025ರ ನವೆಂಬರ್ ಮೊದಲ ವಾರದಲ್ಲಿ ಬಂಡೀಪುರ, ನಾಗರಹೊಳೆ ಎರಡರಲ್ಲೂ ಸಫಾರಿ ನಿಲ್ಲಿಸಿಬಿಟ್ರು, ಸರಗೂರು ಕಡೆ ಕಾಡಂಚಿನ ಊರುಗಳಲ್ಲಿ ಹುಲಿ ದಾಳಿಗೆ ರೈತರು ಸತ್ತಿದ್ರು, ಊರೋರ ಸಿಟ್ಟು ನೆತ್ತಿಗೇರಿತ್ತು, ಇರೋ ಸಿಬ್ಬಂದಿನೆಲ್ಲ ಆ ಕಡೆ ಕಳಿಸಬೇಕಾಯ್ತು. ರೂಮ್ ಬುಕ್ ಮಾಡಿ ದುಡ್ಡು ಕಟ್ಟಿ ಕೂತಿದ್ದೋರು ಬೈಕೊಂಡ್ರು, ಇರ್ಲಿ, ಸತ್ತೋರ ಮನೆ ಕಡೆಯಿಂದ ನೋಡಿದ್ರೆ ನಮ್ಮ ವೀಕೆಂಡ್ ಏನು ದೊಡ್ಡದು. ಅದಲ್ದೆ ಬೇಸಿಗೇಲಿ ಬೆಂಕಿ ಜಾಸ್ತಿ ಆದ್ರೂ, ಮಳೆಗಾಲದಲ್ಲಿ ಒಳಗಿನ ರಸ್ತೆ ಕೆಸರಾದ್ರೂ ವ್ಯತ್ಯಾಸ ಆಗತ್ತೆ. ಇಲಾಖೆಯ ವೆಬ್‌ಸೈಟ್ ನೋಡಿ, ಇಲ್ಲಾ ಅಂದ್ರೆ ಫೋನ್ ಮಾಡಿ ಕೇಳಿ, ರೇಟು ಟೈಮಿಂಗು ಎರಡೂ ಆಗಾಗ ಬದಲಾಗತ್ತೆ, ಯಾರೋ ಮೂರು ವರ್ಷದ ಹಿಂದೆ ಹಾಕಿದ ವಿಡಿಯೋ ನಂಬ್ಕೊಂಡು ಹೋಗ್ಬೇಡಿ.

ಯಾವಾಗ ಹೋಗೋದು ಅನ್ನೋದು ನಿಮಗೆ ಏನು ಬೇಕು ಅನ್ನೋದರ ಮೇಲಿದೆ. ಹುಲಿನೇ ಬೇಕು ಅಂದ್ರೆ ಫೆಬ್ರವರಿ ಕೊನೆಯಿಂದ ಮೇ ತನಕ, ಕಾಡು ಒಣಗಿರತ್ತೆ, ಎಲೆ ಉದುರಿ ದೂರದ ತನಕ ಕಾಣತ್ತೆ, ಪ್ರಾಣಿಗಳೆಲ್ಲ ಉಳಿದಿರೋ ನಾಲ್ಕು ಕೆರೆ ಸುತ್ತಾನೇ ಇರ್ತಾವೆ. ಕಾಡು ಚೆನ್ನಾಗಿ ಕಾಣ್ಬೇಕು ಅಂದ್ರೆ ಸೆಪ್ಟೆಂಬರ್ ಆದ್ಮೇಲೆ ಹೋಗಿ, ಹಸಿರು ಕಣ್ಣಿಗೆ ಹೊಡಿಯತ್ತೆ, ಆದ್ರೆ ಹತ್ತಡಿ ದೂರದಲ್ಲಿ ಆನೆ ನಿಂತಿದ್ರೂ ಕಾಣಲ್ಲ, ಲಂಟಾನ ಅಷ್ಟು ದಟ್ಟ. ಆ ಲಂಟಾನ ಹೂವು ಚೆಂದ ಅಂತ ಫೋಟೋ ಹೊಡೀತಾರೆ ಜನ, ಹೊರದೇಶದಿಂದ ಬಂದ ಕಳೆ ಅದು, ಜಿಂಕೆ ತಿನ್ನೋ ಹುಲ್ಲು ಬೆಳೆಯೋ ಜಾಗನೆಲ್ಲ ನುಂಗಿ ಕೂತಿದೆ. ಹುಲ್ಲಿಲ್ಲ ಅಂದ್ರೆ ಜಿಂಕೆ ಇಲ್ಲ, ಆಮೇಲೆ ಹುಲಿಗೆ ಊಟ ಎಲ್ಲಿಂದ.

ಬುಕಿಂಗ್ ವಿಷ್ಯ ಚಿಕ್ಕದಾಗಿ ಹೇಳ್ತೀನಿ. ಅರಣ್ಯ ಇಲಾಖೆಯ ಬಸ್ಸು, ಜೀಪು ಸಫಾರಿ ಇದೆ, ಕೌಂಟರ್ ಈಗ ಮೇಲುಕಾಮನಹಳ್ಳಿ ಹತ್ರ, ಅಂದ್ರೆ ಗುಂಡ್ಲುಪೇಟೆ ಕಡೆಯಿಂದ ಹೋದ್ರೆ ಕಾಡು ಶುರುವಾಗೋ ಬಾಗಿಲಲ್ಲೇ. ಸರ್ಕಾರದ್ದೇ ಆದ ಜಂಗಲ್ ಲಾಡ್ಜಸ್ ರೆಸಾರ್ಟ್‌ನಲ್ಲಿ ಉಳ್ಕೊಂಡ್ರೆ ಜಿಪ್ಸಿ ಸಫಾರಿ ಪ್ಯಾಕೇಜಲ್ಲೇ ಬರತ್ತೆ, ಕಾಸು ಜಾಸ್ತಿ. ಬಸ್ಸಲ್ಲಿ ಹೋದ್ರೆ ಏನೂ ಕಾಣಲ್ಲ ಅನ್ನೋದು ಸುಳ್ಳು, ಎತ್ತರದಲ್ಲಿ ಕೂತಿರ್ತೀವಿ ಅನ್ನೋದೇ ಒಂದು ಲಾಭ, ತೊಂದ್ರೆ ಇರೋದು ಅಕ್ಕಪಕ್ಕದಲ್ಲಿ ಕೂರೋರ ಬಾಯಿಂದ. ಆದ್ರೆ ವಾರದ ದಿನ ಹೋಗಿ, ಶನಿವಾರ ಭಾನುವಾರ ಜಾತ್ರೆ. ಬೆಳಿಗ್ಗೆದು ಒಂದು ಸಂಜೆದು ಒಂದು ಸೇರಿಸಿ ಎರಡು ಸಫಾರಿಗೆ ಪ್ಲ್ಯಾನ್ ಮಾಡ್ಕೊಳ್ಳಿ, ಬೆಳಗಿನ ಕಾಡೇ ಬೇರೆ, ಇಳಿಹೊತ್ತಿನ ಕಾಡೇ ಬೇರೆ.

ಏನು ಹಾಕ್ಕೊಳ್ಳೋದು, ಏನು ತಗೊಂಡು ಹೋಗೋದು

ಮಾಸಲು ಬಣ್ಣದ ಬಟ್ಟೆ, ಖಾಕಿ, ಎಲೆಹಸಿರು, ಬೂದಿ, ಇಂಥದ್ದು. ಬಿಳಿ ಕೆಂಪು ಬೇಡ, ಸೆಂಟ್ ಬೇಡವೇ ಬೇಡ. ಬೆಳಗಿನ ಸಫಾರಿಗೆ ಮಾರ್ಚಲ್ಲೂ ಒಂದು ಸ್ವೆಟರ್ ಇರ್ಲಿ, ತೆರೆದ ಗಾಡೀಲಿ ಗಾಳಿ ಮೂಳೆಗೆ ಹೊಡಿಯತ್ತೆ, ಧೂಳಿಗೆ ಒಂದು ಟವೆಲ್. ಸ್ಟೀಲ್ ಬಾಟ್ಲಿಲಿ ನೀರು. ಗುರುತಿನ ಚೀಟಿ. ಬೈನಾಕ್ಯುಲರ್ ಇದ್ರೆ ಕ್ಯಾಮೆರಾಗಿಂತ ಅದೇ ಮೇಲು, ಯಾರ ಹತ್ರನಾದ್ರೂ ಸಾಲ ಇಸ್ಕೊಳ್ಳಿ. ಚಿಪ್ಸ್ ಪ್ಯಾಕೆಟ್ ಗಾಡೀಲಿ ಬಿಚ್ಚಬೇಡಿ, ಆ ಚರಚರ ಶಬ್ದಕ್ಕೆ ಅರ್ಧ ಕಾಡು ಖಾಲಿ ಆಗತ್ತೆ. ಫೋನು ಬ್ಯಾಗಲ್ಲಿ.

ದಾರಿ

ಮೈಸೂರಿಂದ ನಂಜನಗೂಡು, ಗುಂಡ್ಲುಪೇಟೆ ಮೇಲೆ ಸುಮಾರು 80 ಕಿಲೋಮೀಟರ್, ಎರಡು ಗಂಟೆ ಇಟ್ಕೊಳ್ಳಿ. ಬೆಳಗಿನ ಸಫಾರಿಗಾದ್ರೆ ಹಿಂದಿನ ರಾತ್ರಿನೇ ಬಂದು ಉಳ್ಕೊಳ್ಳೋದು ವಾಸಿ. ಜುಲೈ ಆಗಸ್ಟಲ್ಲಿ ಬಂದ್ರೆ ಗುಂಡ್ಲುಪೇಟೆ ಸುತ್ತ ಸೂರ್ಯಕಾಂತಿ, ಚೆಂಡು ಹೂವಿನ ಹೊಲ ನೋಡ್ಕೊಂಡು ಬರ್ಬಹುದು, ಹೊಲದೊಳಗೆ ನುಗ್ಗಬೇಡಿ, ಅದು ಇನ್ನೊಬ್ಬರ ಅನ್ನ.

ಗುಂಡ್ಲುಪೇಟೆ ದಾಟಿ ಹಂಗಳ ಬಂತು ಅಂದ್ರೆ ಸ್ವಲ್ಪ ಸುತ್ತ ನೋಡಿ, ಎಲ್ಲರೂ ಇಲ್ಲಿ ಗಾಡಿ ಓಡಿಸ್ಕೊಂಡು ಹೋಗಿಬಿಡ್ತಾರೆ, ನಂಗೆ ಹುಲಿ ಪಾಠ ಶುರುವಾಗೋದೇ ಇಲ್ಲಿಂದ ಅನ್ಸತ್ತೆ. ಇಲ್ಲಿನ ದನ ನೋಡಿ, ಹೆಚ್ಚಿನವು ಬಡಕಲು, ಹಾಲು ಕೊಡೋ ಜಾತಿನೇ ಅಲ್ಲ. ಮತ್ಯಾಕೆ ಸಾಕ್ತಿದ್ರು ಅಂದ್ರೆ ಸಗಣಿಗೆ! 1990ರ ದಶಕದಲ್ಲಿ ಕಾಫಿ ಬೆಲೆ ಏರಿದಾಗ ಗಡಿಯಾಚೆ ಕೇರಳದ ತೋಟಗಳಿಗೆ ಗೊಬ್ಬರ ಬೇಕಾಯ್ತು, ಈ ಕಡೆ ಊರುಗಳಿಂದ ಸಗಣಿ ಲಾರಿ ಲಾರಿ ಹೋಗೋಕೆ ಶುರುವಾಯ್ತು, ಸಗಣಿಗೆ ದುಡ್ಡು ಬರೋಕೆ ಶುರುವಾದ್ಮೇಲೆ ಜನ ದನ ಜಾಸ್ತಿ ಸಾಕಿದ್ರು, ಆ ದನ ಎಲ್ಲಾ ಮೇಯ್ದಿದ್ದು ಬಂಡೀಪುರದ ಕಾಡಲ್ಲಿ. ಅಂದ್ರೆ ಎಲ್ಲೋ ವಿದೇಶದಲ್ಲಿ ಕಾಫಿ ರೇಟು ಹೆಚ್ಚಾದ್ರೆ ಇಲ್ಲಿ ಜಿಂಕೆ ಹುಲ್ಲು ಕಮ್ಮಿ ಆಗತ್ತೆ. ಇದನ್ನ ಮೊದಲ ಸಲ ಕೇಳ್ದಾಗ ನಂಗೆ ತಲೆ ತಿರುಗಿಹೋಯ್ತು. ಕಾಡಿಗೆ ಹೋದ ದನ ಹುಲಿ ಬಾಯಿಗೆ ಸಿಗೋದೂ ಅಲ್ಲೇ, ಆ ಕತೆ ಮುಂದೆ ಇದೆ.

ಕಾಡೊಳಗಿನ ಹೆದ್ದಾರೀಲಿ ಗಾಡಿ ನಿಲ್ಲಿಸ್ಬೇಡಿ, ಇಳೀಬೇಡಿ, ಕೋತಿಗೆ ಬಿಸ್ಕತ್ತು ಹಾಕ್ಬೇಡಿ. 2025ರ ಆಗಸ್ಟಲ್ಲಿ ಇದೇ ಕಾಡಲ್ಲಿ ಒಬ್ಬ ಆನೆ ಜೊತೆ ಸೆಲ್ಫಿಗೆ ಹೋಗಿ, ಆನೆ ಅಟ್ಟಿಸ್ಕೊಂಡು ಬಂದು ಕೆಡವಿ, ಅವನು ಜೀವ ಉಳಿಸ್ಕೊಂಡಿದ್ದೇ ಪವಾಡ, ಆಮೇಲೆ 25 ಸಾವಿರ ದಂಡ ಬೇರೆ ಕಟ್ಟಿದ. ಆ ವಿಡಿಯೋ ನೀವೂ ನೋಡಿರ್ತೀರ.

ಗಾಡೀಲಿ ಕೂತಾದ್ಮೇಲೆ

ಈಗ ಅಸಲಿ ವಿಷ್ಯ. ಎಲ್ಲರೂ ಮಾಡೋ ತಪ್ಪು ಏನು ಅಂದ್ರೆ ಹಳದಿ ಕಪ್ಪು ಪಟ್ಟೆ ಹುಡುಕ್ತಾ ಕೂರೋದು. ಹುಲಿನ ನೀವು ಕಂಡುಹಿಡಿಯೋದು ಕಷ್ಟ, ಹುಲಿನ ಕಂಡಿರೋ ಬೇರೆ ಪ್ರಾಣಿಗಳನ್ನ ಕಂಡುಹಿಡಿಯೋದು ಸುಲಭ. ಹಾಗಾಗಿ ಜಿಂಕೆ ಬಂದ್ರೆ "ಅಯ್ಯೋ ಬರೀ ಜಿಂಕೆ" ಅನ್ಬೇಡಿ. ಜಿಂಕೆ ಹಿಂಡು ಆರಾಮಾಗಿ ಮೇಯ್ತಿದ್ರೆ ಹತ್ರದಲ್ಲಿ ಏನಿಲ್ಲ ಅಂತ ತಿಳ್ಕೊಳ್ಳಿ. ಎಲ್ಲವೂ ತಲೆ ಎತ್ತಿ ಒಂದೇ ದಿಕ್ಕಿಗೆ ನೋಡ್ತಾ, ಬಾಲ ನಿಮಿರಿಸಿ, ಮುಂಗಾಲು ನೆಲಕ್ಕೆ ಕುಟ್ತಿದ್ರೆ ಅವು ನೋಡ್ತಿರೋ ಕಡೆ ನೀವೂ ನೋಡಿ.

ಕಿವಿನೂ ಬೇಕು. ಜಿಂಕೆ ಕೂಗು ಸಣ್ಣ, ಚೂಪು, ಶಿಳ್ಳೆ ತುಂಡು ಮಾಡಿದ ಹಾಗೆ. ಮುಸುವ, ಅದೇ ಕಪ್ಪು ಮುಖದ ಕೋತಿ, ಮರದ ಮೇಲಿಂದ ಗಂಟಲು ಕಟ್ಟಿದೋನ ಥರ ಖಕ್ ಖಕ್ ಅಂತ ಕೆಮ್ಮತ್ತೆ, ಮೇಲಿಂದ ನೋಡ್ತಿರೋದ್ರಿಂದ ಅದರ ಮಾತಿಗೆ ತೂಕ ಜಾಸ್ತಿ. ಕಾಡುಕುರಿ ಅಂದ್ರೆ ಕುರಿ ಅಲ್ಲ, ಸಣ್ಣ ಜಾತಿ ಜಿಂಕೆ, ನಾಯಿ ಬೊಗಳಿದ ಹಾಗೆ ಬೊಗಳತ್ತೆ. ನವಿಲನ್ನ ನಂಬೋ ಹಾಗಿಲ್ಲ, ಎಲ್ಲದಕ್ಕೂ ಕಿರುಚತ್ತೆ. ಕಡವೆ, ಅಂದ್ರೆ ದೊಡ್ಡ ಜಾತಿ ಜಿಂಕೆ, ಅದು ಮಾತ್ರ ಸುಮ್‌ಸುಮ್ನೆ ಬಾಯಿ ಬಿಡಲ್ಲ. ಹಳೇ ಲಾರಿ ಹಾರ್ನ್ ಅರ್ಧಕ್ಕೆ ನಿಂತ ಹಾಗೆ "ಢಾಂಕ್" ಅಂತ ಒಂದು ಸದ್ದು ಬಂತಾ, ಒಂದು ನಿಮಿಷ ಬಿಟ್ಟು ಮತ್ತೆ ಬಂತಾ, ಡ್ರೈವರ್ ಎಂಜಿನ್ ಆಫ್ ಮಾಡಿಯೇ ಮಾಡ್ತಾರೆ, ನೀವು ಉಸಿರು ಬಿಗಿ ಹಿಡಿರಿ.

ಭಾವನ ಜೊತೆ ಹೋದಾಗ ಆಗಿದ್ದು ಇದೇ. ಬೆಳಿಗ್ಗೆ ಏಳೂವರೆ ಇರ್ಬಹುದು, ಒಂದು ಕೆರೆ ಏರಿ ಹತ್ರ ಕಡವೆ ಕೂಗ್ತು, ಗಾಡಿ ನಿಲ್ಲಿಸಿದ್ರು. ಎರಡನೇ ಸಲ ಕೂಗ್ತು. ಇಡೀ ಗಾಡಿ ಸ್ತಬ್ಧ, ಆಮೇಲೆ ಹಿಂದಿನ ಸೀಟಲ್ಲಿ ಯಾರದ್ದೋ ಫೋನು ಸುಪ್ರಭಾತ ಹಾಡೋಕೆ ಶುರುಮಾಡ್ತು. ಇಪ್ಪತ್ತು ನಿಮಿಷ ಕಾದ್ವಿ, ಏನೂ ಆಚೆ ಬರ್ಲಿಲ್ಲ, ಮುಂದೆ ಹೋದ್ವಿ. ಒಂದು ಸುತ್ತು ಹೊಡ್ಕೊಂಡು ಅದೇ ದಾರೀಲಿ ವಾಪಸ್ ಬರುವಾಗ ಡ್ರೈವರ್ ಸಡನ್ನಾಗಿ ಬ್ರೇಕ್ ಹಾಕಿ ಕೆಳಗೆ ಬೆರಳು ತೋರಿಸಿದ್ರು. ಧೂಳಲ್ಲಿ ನಮ್ಮದೇ ಗಾಡಿ ಟೈರಿನ ಅಚ್ಚು, ಆ ಅಚ್ಚಿನ ಮೇಲೆ ನೀಟಾಗಿ ಕೂತಿರೋ ಹೆಜ್ಜೆ, ಅಂಗೈಗಿಂತ ಅಗಲ, ಅಂಚು ಒಂಚೂರೂ ಕುಸಿದಿರ್ಲಿಲ್ಲ. ಟೈರ್ ಗುರುತಿನ ಮೇಲೆ ಹೆಜ್ಜೆ ಇದೆ ಅಂದ್ರೆ ನಾವು ಹೋದ್ಮೇಲೆ ಬಂದಿದೆ ಅಂತ ಲೆಕ್ಕ. ನಾವು ಇಪ್ಪತ್ತು ನಿಮಿಷ ಕಾದಿದ್ದು ನಮ್ಮ ಸಮಾಧಾನಕ್ಕೆ, ಹುಲಿ ಪೊದೆ ಒಳಗೆ ಕೂತು ಇಪ್ಪತ್ತೊಂದು ನಿಮಿಷ ಕಾದಿತ್ತು. ನಂಗೆ ಮೈ ಜುಮ್ ಅಂತು, ಭಾವ "ಗುರುತು ನೋಡೋಕೆ ಇಷ್ಟು ದುಡ್ಡಾ" ಅಂದ್ರು.

ಹೆಜ್ಜೆ ಓದೋದು ಒಂದೆರಡು ವಿಷ್ಯ ಕಲ್ತ್ರೆ ಸಾಕು. ನಾಯಿ ಹೆಜ್ಜೆಗೆ ಉಗುರಿನ ಗುರುತು ಇರತ್ತೆ, ಹುಲಿ ಚಿರತೆ ನಡೆಯುವಾಗ ಉಗುರು ಒಳಗಿಟ್ಕೊಂಡಿರತ್ತೆ, ಅದಕ್ಕೇ ಗುರುತು ಬೀಳಲ್ಲ. ಗಂಡು ಹುಲಿ ಹಿಂಗಾಲಿನ ಹೆಜ್ಜೆ ಹೆಚ್ಚುಕಮ್ಮಿ ಚೌಕ, ಹೆಣ್ಣಿಂದು ಸ್ವಲ್ಪ ಉದ್ದ. ಮರದ ತೊಗಟೆ ಮೇಲೆ ಆಳುದ್ದ ಕೆರೆದಿರೋ ಗೆರೆ ಕಂಡ್ರೆ ಡ್ರೈವರ್‌ನ ಕೇಳಿ, ಹುಲಿ ಆಗಿರ್ಬಹುದು, ಕರಡಿನೂ ಆಗಿರ್ಬಹುದು. ಇನ್ನೊಂದು, ಇದನ್ನ ಹೇಳಿದ್ರೆ ಯಾರೂ ನಂಬಲ್ಲ, ಹುಲಿ ಮರಕ್ಕೆ ಸಿಂಪಡಿಸಿ ಹೋದ ಜಾಗದಲ್ಲಿ ಬಾಸುಮತಿ ಅನ್ನದ ವಾಸನೆ ಬರತ್ತೆ. ಗಂಧಸಾಲೆ ಅಕ್ಕಿ ಬೇಯುವಾಗ ಬರೋ ಘಮಲಿಗೆ ಕಾರಣ ಆಗೋ ರಾಸಾಯನಿಕನೇ ಹುಲಿ ಮೂತ್ರದಲ್ಲೂ ಇದೆಯಂತೆ. ಕಾಡಿನ ಮಧ್ಯ ಅನ್ನದ ವಾಸನೆ ಬಂದ್ರೆ ಹೊಟ್ಟೆ ಹಸಿವು ಅಂದ್ಕೋಬೇಡಿ.

ಹುಲಿ ಕಂಡೇ ಕಂಡ್ತು ಅನ್ಕೊಳ್ಳಿ, ಆಗ ಎದ್ದು ನಿಲ್ಬೇಡಿ, ಕಿರುಚ್ಬೇಡಿ, ಡ್ರೈವರ್‌ಗೆ "ಇನ್ನೂ ಹತ್ರ ಹೋಗಿ" ಅಂತ ಕಾಸು ತೋರಿಸ್ಬೇಡಿ. ನೀವು ಕೇಳಿದ್ದಕ್ಕೆ ಹತ್ರ ಹೋದ್ರೆ ಕೆಲಸ ಹೋಗೋದು ಅವರದ್ದು.

ಕೇಳಬೇಕಾದ ಪ್ರಶ್ನೆ: ಎಷ್ಟು ಹುಲಿ, ಹೆಂಗೆ ಎಣಿಸ್ತೀರಾ?

ಸಫಾರಿ ಮುಗಿದ ಮೇಲೆ ಹತ್ತು ನಿಮಿಷ ಡ್ರೈವರ್, ಗಾರ್ಡ್ ಜೊತೆ ಮಾತಾಡಿ, ಟೀ ಕೊಡಿಸಿ. ಹುಲಿ ಎಲ್ಲಿ ಅಂತ ಕೇಳಿದ್ರೆ ದಿನಾ ಕೊಡೋ ಉತ್ತರನೇ ಕೊಡ್ತಾರೆ, ಹುಲಿ ಎಣಿಸೋಕೆ ಕಾಡಲ್ಲಿ ಕ್ಯಾಮೆರಾ ಹೆಂಗೆ ಕಟ್ತೀರಾ ಅಂತ ಕೇಳಿ ನೋಡಿ, ಮುಖನೇ ಬದಲಾಗತ್ತೆ.

ಮೊದಲೆಲ್ಲ ಹೆಜ್ಜೆ ಗುರುತಿನ ಮೇಲೆ ಗಾಜಿಟ್ಟು ಗೆರೆ ಎಳ್ದು ಹುಲಿ ಲೆಕ್ಕ ಹಾಕ್ತಿದ್ರು. ಒಂದೇ ಹುಲಿ ಮರಳಲ್ಲಿ ಒಂಥರಾ, ಕೆಸರಲ್ಲಿ ಇನ್ನೊಂಥರಾ ಹೆಜ್ಜೆ ಬಿಡತ್ತೆ, ಲೆಕ್ಕ ಎಲ್ಲಿಂದ ಸರಿ ಬರ್ಬೇಕು. ರಾಜಸ್ಥಾನದ ಸರಿಸ್ಕಾದಲ್ಲಿ ಕಾಗದದ ಮೇಲೆ ಹುಲಿ ಇದ್ವು, 2005ರ ಹೊತ್ತಿಗೆ ನೋಡಿದ್ರೆ ಕಾಡಲ್ಲಿ ಒಂದೂ ಉಳಿದಿರ್ಲಿಲ್ಲ, ಎಲ್ಲಾ ಕಳ್ಳಬೇಟೆಗೆ ಹೋಗಿತ್ತು. ಆ ಅವಮಾನ ಆದ್ಮೇಲೆನೇ ದೇಶದಲ್ಲಿ ಎಣಿಕೆ ವಿಧಾನ ಬದಲಾಗಿದ್ದು, ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ ಬಂದಿದ್ದು. ಪ್ರಾಣಿ ಎದುರಿಗೆ ಬಂದ್ರೆ ತಾನೇ ಫೋಟೋ ತೆಗೆಯೋ ಕ್ಯಾಮೆರಾ ಟ್ರ್ಯಾಪಲ್ಲಿ ಪಟ್ಟೆ ನೋಡಿ ಲೆಕ್ಕ ಹಾಕೋ ಕೆಲಸ ಅದಕ್ಕೂ ಎಷ್ಟೋ ಮುಂಚೆ ನಮ್ಮ ನಾಗರಹೊಳೇಲೇ ಆಗಿತ್ತು, ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1990ರ ದಶಕದಲ್ಲೇ ಮಾಡಿ ತೋರಿಸಿದ್ರು.

ಹುಲಿ ಪಟ್ಟೆ ನಮ್ಮ ಹೆಬ್ಬೆಟ್ಟಿನ ಥರ, ಒಂದರ ಹಾಗೆ ಇನ್ನೊಂದಿಲ್ಲ. ಎಡಗಡೆ ಪಟ್ಟೆ ಬೇರೆ, ಬಲಗಡೆದು ಬೇರೆ, ಹಾಗಾಗಿ ದಾರಿಯ ಎರಡೂ ಬದಿಗೆ ಎದುರುಬದುರು ಕ್ಯಾಮೆರಾ ಕಟ್ತಾರೆ, ಮೊಣಕಾಲೆತ್ತರದಲ್ಲಿ. ಆನೆ ಬಂದು ಕಿತ್ತು ಬಿಸಾಕೋದು ಮಾಮೂಲು. 2022ರ ರಾಷ್ಟ್ರೀಯ ಗಣತಿಲಿ ಸುಮಾರು 4.7 ಕೋಟಿ ಫೋಟೋ ಬಿದ್ವು, ಅದರಲ್ಲಿ ಹುಲಿ ಇದ್ದಿದ್ದು 97 ಸಾವಿರ ಚಿಲ್ಲರೆ. ಎರಡು ಸಫಾರೀಲಿ ಹುಲಿ ಕಾಣ್ಲಿಲ್ಲ ಅಂತ ಮುನಿಸ್ಕೊಳ್ಳೋರು ಈ ಲೆಕ್ಕ ಒಂದ್ಸಲ ನೋಡಿ, ಕಣ್ಣು ಮಿಟುಕಿಸದೆ ಕಾಡೊಳಗೇ ಕೂತಿರೋ ಕ್ಯಾಮೆರಾಗೇ ಐನೂರು ಫೋಟೋಗೆ ಒಂದು ಹುಲಿ. ಆ ಗಣತಿ ಪ್ರಕಾರ ದೇಶದಲ್ಲಿ 3,682 ಹುಲಿ, 2006ರಲ್ಲಿ 1,411 ಇತ್ತು. ಕರ್ನಾಟಕದಲ್ಲಿ 563, ಮಧ್ಯಪ್ರದೇಶ ಬಿಟ್ರೆ ನಾವೇ. ಬಂಡೀಪುರ ಒಂದರಲ್ಲೇ 150, ಉತ್ತರಾಖಂಡದ ಕಾರ್ಬೆಟ್ ಆದ್ಮೇಲೆ ದೇಶದಲ್ಲಿ ಎರಡನೇದು.

150 ಇದ್ರೂ ಯಾಕೆ ಕಾಣಲ್ಲ ಅಂತೀರಾ? ನೀವು ಓಡಾಡೋದು ಕಾಡಿನ ಒಂದು ಮೂಲೇಲಿ. ಹುಲಿ ಮೀಸಲಿನ ಕೋರ್ ಜಾಗದಲ್ಲಿ, ಅಂದ್ರೆ ಒಳಗಿನ ಮುಖ್ಯ ಕಾಡಲ್ಲಿ, ಶೇ 20ಕ್ಕಿಂತ ಹೆಚ್ಚು ಕಡೆ ಪ್ರವಾಸಿಗಳನ್ನ ಬಿಡೋ ಹಾಗಿಲ್ಲ ಅಂತ 2012ರ ನಿಯಮ ಇದೆ. ಉಳಿದಿದ್ದು ಅವಕ್ಕೆ, ಅದು ಹಂಗೇ ಇರ್ಲಿ.

ಕಾಣದೇ ಇರೋ ಜನ

ಈ ಕಾಡು ಒಂದು ಕಾಲಕ್ಕೆ ಮೈಸೂರು ಮಹಾರಾಜರ ಬೇಟೆ ಜಾಗ, 1941ರಲ್ಲಿ ವೇಣುಗೋಪಾಲ ವನ್ಯಜೀವಿ ಉದ್ಯಾನ ಅಂತ ಆಯ್ತು, 1973ರಲ್ಲಿ ಹುಲಿ ಯೋಜನೆ ಶುರುವಾದಾಗ ಮೊದಲ ಒಂಬತ್ತು ಕಾಡುಗಳಲ್ಲಿ ಇದೂ ಒಂದು. ಇದೆಲ್ಲ ಬೋರ್ಡ್ ಮೇಲೆ ಬರ್ದಿರತ್ತೆ. ಬೋರ್ಡಲ್ಲಿ ಇಲ್ದೇ ಇರೋದು ಕಳ್ಳಬೇಟೆ ತಡೆ ಶಿಬಿರದ ವಾಚರ್‌ಗಳು. ಕಾಡೊಳಗೆ ಒಂದು ಸಣ್ಣ ಮನೆ, ಸುತ್ತ ಆನೆ ಬರ್ದೇ ಇರೋ ಹಾಗೆ ಕಂದಕ, ನಾಲ್ಕೈದು ಜನ, ಒಂದು ವಾಕಿಟಾಕಿ, ದಿನಾ ಬೆಳಿಗ್ಗೆ ಎದ್ದು ಬೀಟು, ಅಂದ್ರೆ ತಮ್ಮ ಪಾಲಿನ ಕಾಡು, ನಡ್ಕೊಂಡು ಸುತ್ತಬೇಕು. ಎಷ್ಟೋ ಜನ ಜೇನುಕುರುಬರು, ಸೋಲಿಗರು, ತುಂಬಾ ಜನ ಗುತ್ತಿಗೆ ಮೇಲೆ ಇರೋರು. ನಾನು ಒಬ್ಬರನ್ನ ಕೇಳಿದ್ದೆ, ನಡೆಯುವಾಗ ಹುಲಿ ಎದುರು ಬಂದ್ರೆ ಭಯ ಆಗಲ್ವಾ ಅಂತ. "ಹುಲಿ ದಾರಿ ಬುಡ್ತದೆ ಸಾ, ಆನೆ ಬುಡಲ್ಲ, ಕಲ್ಡಿ ಮೊದ್ಲೇ ಬುಡಲ್ಲ" ಅಂದ್ರು, ಕರಡಿಗೆ ಅವರ ಭಾಷೇಲಿ ಕಲ್ಡಿ. ಜನವರಿ ಬಂತು ಅಂದ್ರೆ ಇವರದ್ದೇ ಕೆಲಸ ಬೆಂಕಿ ರೇಖೆ ಮಾಡೋದು, ಅಂದ್ರೆ ರಸ್ತೆ ಪಕ್ಕದ ಒಣಹುಲ್ಲನ್ನ ತಾವೇ ಮೊದಲು ಹುಷಾರಾಗಿ ಸುಟ್ಟು ಪಟ್ಟಿ ಬಿಡ್ತಾರೆ, ಆಮೇಲೆ ಕಾಡಿಗೆ ಬೆಂಕಿ ಬಿದ್ರೂ ಅಲ್ಲಿಗೇ ನಿಲ್ಲಲಿ ಅಂತ. 2019ರ ಫೆಬ್ರವರೀಲಿ ಅದನ್ನೂ ದಾಟಿ ಗೋಪಾಲಸ್ವಾಮಿ ಬೆಟ್ಟದ ಕಡೆ ಸಾವಿರಾರು ಎಕರೆ ಸುಟ್ಟುಹೋಯ್ತು.

ಇನ್ನು ಆ ದನದ ಕತೆ. ಹುಲಿ ಹಸು ಹಿಡೀತು ಅಂದ್ರೆ ಪೂರ್ತಿ ಒಂದೇ ಸಲಕ್ಕೆ ತಿನ್ನಲ್ಲ, ಬಿಟ್ಟು ಹೋಗಿ ಮತ್ತೆ ಬರತ್ತೆ. ಈ ಮಧ್ಯದ ಕೆಲವು ಗಂಟೆಗಳೇ ಹುಲಿ ಪ್ರಾಣದ ಲೆಕ್ಕ. 2025ರ ಜೂನಲ್ಲಿ ಇದೇ ಚಾಮರಾಜನಗರ ಜಿಲ್ಲೆಯ ಮಲೆ ಮಹದೇಶ್ವರ ಬೆಟ್ಟದ ಕಾಡಲ್ಲಿ ಹಸು ಹೋದ ಸಿಟ್ಟಿಗೆ ಅದೇ ಹಸುವಿನ ಹೆಣಕ್ಕೆ ವಿಷ ಹಾಕಿದ್ರು, ತಾಯಿ ಹುಲಿ ಮತ್ತೆ ಅದರ ನಾಲ್ಕು ಮರಿ, ಐದೂ ಸತ್ವು. ತಪ್ಪೇ, ಅನುಮಾನ ಇಲ್ಲ. ಆದ್ರೆ ಒಂದು ಹಸು ಹೋದ್ರೆ ಆ ಮನೆಗೆ ಏನಾಗತ್ತೆ ಅನ್ನೋದನ್ನ ಪಟ್ಟಣದಲ್ಲಿ ಕೂತು "ಸೇವ್ ಟೈಗರ್" ಸ್ಟೇಟಸ್ ಹಾಕೋ ನಾವು ಲೆಕ್ಕ ಹಾಕಲ್ಲ. ಪರಿಹಾರದ ದುಡ್ಡು ವಾರದಲ್ಲಿ ಕೈಗೆ ಬರೋದಕ್ಕೂ, ಆರು ತಿಂಗಳು ಅಲೆಸೋದಕ್ಕೂ ನಡುವೆ ಎಷ್ಟು ಹುಲಿ ಸಾಯತ್ತೆ ಅಂತ ನಂಗೆ ಆಗಾಗ ಅನ್ಸತ್ತೆ. ನಿಮ್ಮ ಕೈಲಾದ್ರೆ ಊಟಕ್ಕೆ ಕಾಡಂಚಿನ ಊರಿನೋರ ಹೋಟ್ಲಿಗೇ ಹೋಗಿ, ಜೇನು ಗೀನು ತಗೊಳ್ಳೋದಾದ್ರೆ ಅವರ ಹತ್ರನೇ ತಗೊಳ್ಳಿ. ಹುಲಿ ಇರೋದ್ರಿಂದ ಊರಿಗೂ ನಾಲ್ಕು ಕಾಸು ಬರತ್ತೆ ಅಂತ ಅವರಿಗೆ ಗೊತ್ತಾಗ್ಲಿ.

ಟೈಮ್ ಉಳಿದ್ರೆ ಹಿಮವದ್ ಗೋಪಾಲಸ್ವಾಮಿ ಬೆಟ್ಟ ಸೇರಿಸ್ಕೊಳ್ಳಿ, 1,454 ಮೀಟರ್ ಎತ್ತರ, ನಿಮ್ಮ ಗಾಡಿ ಕೆಳಗೆ ಬಿಟ್ಟು ಸರ್ಕಾರಿ ಬಸ್ಸಲ್ಲೇ ಹತ್ಬೇಕು. ದೇವಸ್ಥಾನದ ಹಿಂದೆ ನಿಂತು ನೋಡಿದ್ರೆ ಇಳಿಜಾರಲ್ಲಿ ಎಷ್ಟೋ ಸಲ ಆನೆ ಕಾಣ್ತಾವೆ.

ವಾಪಸ್

ರಾತ್ರಿ 9ಕ್ಕೆ ಕಾಡಿನ ರಸ್ತೆ ಬಂದ್, ಬೆಳಿಗ್ಗೆ 6ಕ್ಕೆ ತೆಗೆಯೋದು. 2009ರಿಂದ ಹೀಗೇ ಇದೆ, ತೆಗೀರಿ ಅಂತ ಪಕ್ಕದ ರಾಜ್ಯದಿಂದ ಒತ್ತಡ ಇದ್ದೇ ಇದೆ. ಮೊದಲೆಲ್ಲ ರಾತ್ರಿ ಲಾರಿಗೆ ಸಿಕ್ಕಿ ಸಾಯ್ತಿದ್ದ ಪ್ರಾಣಿಗಳ ಲೆಕ್ಕ ಕೇಳಿದೋರಿಗೆ ಇದು ಯಾಕೆ ಬೇಕು ಅಂತ ಬಿಡಿಸಿ ಹೇಳ್ಬೇಕಿಲ್ಲ. ಊಟಿ ಕಡೆಯಿಂದ ಬರ್ತಿದ್ರೆ ಎಂಟು ಗಂಟೆ ಒಳಗೆ ಕಾಡು ದಾಟೋ ಹಾಗೆ ನೋಡ್ಕೊಳ್ಳಿ, "ಒಂದೈದು ನಿಮಿಷ ಸಾರ್" ಅನ್ನೋದು ನಡಿಯಲ್ಲ.

ಅವತ್ತು ನಾನೂ ಭಾವನೂ ಚೆಕ್‌ಪೋಸ್ಟ್ ಈಚೆ ಟೀಗೆ ನಿಂತಾಗ ಗೇಟ್ ಬೀಳೋ ಹೊತ್ತು, ಲಾರಿಗಳು ಸಾಲಾಗಿ ನಿಂತಿದ್ವು, ಒಬ್ಬ ಡ್ರೈವರ್ ಸ್ಟೌ ಹಚ್ಚಿ ಅನ್ನಕ್ಕಿಡ್ತಿದ್ದ. ಭಾವ ಸುಮ್ನಿರೋಕಾಗ್ದೆ, ನೀವು ಈ ರಸ್ತೇಲಿ ಹುಲಿ ನೋಡಿದ್ದೀರಾ ಅಂತ ಕೇಳಿದ್ರು. "ಮೂರು ಸಲ" ಅಂದ ಅವನು, ಅಕ್ಕಿ ತೊಳೀತಾನೇ, ತಲೆ ಎತ್ಲಿಲ್ಲ. "ಒಂದ್ಸಲ ರೋಡ್ ಮಧ್ಯ ಮಲಗಿತ್ತು, ಹಾರ್ನ್ ಹಾಕ್ದೆ ಹತ್ತು ನಿಮಿಷ ಕಾದೆ." ಭಾವ ಮತ್ತೆ ಮುಖ ಊದಿಸ್ಕೊಂಡು ಕಾರ್ ಹತ್ತಿದ್ರು. ಈ ಏಪ್ರಿಲಲ್ಲಿ ಮತ್ತೆ ಬರ್ತಾರಂತೆ, ಕಡವೆ ಕೂಗು ಹೆಂಗಿರತ್ತೆ ಅಂತ ಮೊನ್ನೆ ಫೋನಲ್ಲಿ ನನ್ನ ಕೈಲಿ ಎರಡು ಸಲ ಕೂಗಿಸಿದ್ರು.